ಮಾವನ ಚೌಕಟ್ಟಿಗೆ ನೆಟ್ಟಗಿನ ಬಾಗಿಲು

ಹನ್ನೆರಡು ವರ್ಷದ ಹಿಂದೆ ಸೋದರಮಾವ ಗಿರಾಕಿಗಳೆದುರೇ "ಇವಳ ಕೈಯೇ ಸೊಟ್ಟ" ಎಂದು ತನ್ನ ಮರಗೆಲಸದ ಅಂಗಡಿಯಿಂದ, ಅಲ್ಲಿ ಕೆಲಸ ಕಲಿಯುತ್ತಿದ್ದ ಅವಳನ್ನು ಓಡಿಸಿದ್ದ. ನಿಜಕ್ಕೂ ಸೊಟ್ಟಗಿದ್ದದ್ದು ಮೂಲೆ ನೇರವಿದೆಯೇ ಎಂದು ನೋಡುವ ಅವನ ಮೂಲೆಮಟ್ಟ. ಹೇಳಿದರೆ ಕೇಳುವ ಜನ್ಮ ಅವನದಲ್ಲ. ಅಂದಿನಿಂದ ನೆಂಟರ ಬಾಯಲ್ಲಿ ಅವಳು 'ಸೊಟ್ಟಗೈ' ಆದಳು.

ಈಗ ಅವಳಿಗೆ ಸ್ವಂತ ಅಂಗಡಿಯಿದೆ, ಹಳಿಯ ಮೇಲೆ ಜಾರುತ್ತಾ ಹಲಗೆ ಕೊಯ್ಯುವ ಟ್ರ್ಯಾಕ್ ಸಾ ಇದೆ. ತೋಳು ಸೋತ ಮಾವ ಹಜಾರದ ಕಪಾಟಿಗೆ ಬಾಗಿಲು ಬೇಕೆಂದು ಅವಳಿಗೇ ಹೇಳಿಕಳಿಸಿದ. ಚೌಕಟ್ಟು ಅವನೇ ಮಾಡಿದ್ದು, ಅದೇ ಸೊಟ್ಟ ಮೂಲೆಮಟ್ಟ ಹಿಡಿದು. ಅವಳು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಎರಡು ಸಲ ಟೇಪು ಹಿಡಿದಳು. ಚೌಕಟ್ಟು ನೆಟ್ಟಗಿದ್ದರೆ ಎರಡೂ ಒಂದೇ ಬರಬೇಕು; ಬಂದದ್ದು ಒಂದು ಬೆರಳಿನ ವ್ಯತ್ಯಾಸ.

"ಮಾವ, ಚೌಕಟ್ಟಿಗೆ ಹೊಂದೋ ಹಾಗೆ ಕೊಯ್ಯಲಾ, ಇಲ್ಲ ನೆಟ್ಟಗೆ ಕೊಯ್ಯಲಾ?"

"ನನ್ನ ಚೌಕಟ್ಟು ನೆಟ್ಟಗೇ ಇದೆ. ನಿನ್ನ ಕೈ ನೋಡ್ಕೋ."

ಅವಳು ಕೈ ನೋಡಿಕೊಂಡಳು. ತನ್ನ ಮೂಲೆಮಟ್ಟವನ್ನು ಮಗುಚಿಟ್ಟು ಎರಡು ಸಲ ಗೆರೆ ಎಳೆದು ಪರೀಕ್ಷಿಸಿದಳು, ಹಳಿಯನ್ನು ಗೆರೆಗೆ ಕೂಡಿಸಿ ಬಿಗಿದಳು, ಗರಗಸವನ್ನು ಒಂದೇ ಓಟದಲ್ಲಿ ದೂಡಿದಳು. ಅಷ್ಟು ಅಕ್ಕರೆಯಿಂದ ಅವಳು ಯಾರಿಗೂ ಬಾಗಿಲು ಮಾಡಿರಲಿಲ್ಲ.

ಮನೆ ತುಂಬ ನೆಂಟರಿದ್ದ ದಿನವನ್ನೇ ನೋಡಿ ಅದನ್ನು ಕೂರಿಸಿದಳು. ಮೇಲಂಚಿನ ಸಂದಿನಲ್ಲಿ ಒಂದು ಕಡೆ ಕಾಗದ ತೂರದು, ಇನ್ನೊಂದು ಕಡೆ ಪೆನ್ಸಿಲ್ಲೇ ತೂರುತ್ತದೆ.

"ನೋಡ್ರಪ್ಪಾ, ಸೊಟ್ಟ," ಎಂದ ಮಾವ.

ಅವಳು ಟೇಪು ಕೊಟ್ಟಳು. ಅವನು ಬಾಗಿಲನ್ನು ಮೂಲೆಯಿಂದ ಮೂಲೆಗೆ ಅಳೆದ. ಎರಡೂ ಒಂದೇ ಬಂತು. ಅತ್ತೆ ಟೇಪು ಇಸಿದುಕೊಂಡು ಚೌಕಟ್ಟಿಗೆ ಹಿಡಿದರು. ಒಂದು ಬೆರಳಿನ ವ್ಯತ್ಯಾಸ ಹಜಾರದಲ್ಲಿದ್ದವರಿಗೆಲ್ಲ ಕಂಡಿತು.

ಒಂದು ತೆಳು ಪಟ್ಟಿ ಬಡಿದಿದ್ದರೆ ಆ ಸಂದು ಮುಚ್ಚಿಹೋಗುತ್ತಿತ್ತು. ಪಟ್ಟಿ ಅವಳ ಚೀಲದಲ್ಲಿತ್ತು, ಮೊಳೆಯೂ ಇತ್ತು. ಅವಳು ಚೀಲವನ್ನು ಹೆಗಲಿಗೇರಿಸಿ, ಅತ್ತೆಗೆ ಹೇಳಿ ಹೊರಟಳು.