ಏಟು ತಿಂದ ಜಿಂಕೆ ಸಿಗುವವರೆಗೆ

ಮಂಡಿನೋವಿಗೆ ಹೊಂಗೆ ಎಣ್ಣೆ ತಿಕ್ಕಿಕೊಳ್ಳಿ ಎಂದು ಯಾರೋ ಹೇಳಿದರು. ಹೇಳಿದ್ದನ್ನೆಲ್ಲ ಮಾಡಿ ಮಾಡಿ ಸಾಕಾಗಿದೆ, ಇದೂ ಒಂದು ಆಗಿಹೋಗಲಿ ಎಂದು ಹಿಂದೂಪುರದ ಪೇಟೆಯಿಂದ ಒಂದು ಬಾಟಲಿ ತರಿಸಿಕೊಂಡೆ. ಮುಚ್ಚಳ ತೆಗೆದು ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಮಂಡಿ ಮರೆತುಹೋಯಿತು. ನಮ್ಮ ಮಾವ ಕಣ್ಣೆದುರು ಬಂದು ಕೂತರು... ಜಗಲಿಯ ಮೇಲೆ, ಕಾಲು ಚಾಚಿಕೊಂಡು, ತೊಡೆಯ ಮೇಲೆ ಬಂದೂಕು ಇಟ್ಟುಕೊಂಡು. ನಳಿಗೆಗೆ ಹೊಂಗೆ ಎಣ್ಣೆ ಸವರಿದ ಬಟ್ಟೆಯಲ್ಲೇ ಅವರು ಎತ್ತಿನ ಹೆಗಲನ್ನೂ ತಿಕ್ಕುತ್ತಿದ್ದರು. ಎರಡಕ್ಕೂ ಒಂದೇ ಎಣ್ಣೆ, ಒಂದೇ ಬಟ್ಟೆ.

ಮಾವ ಎಂದರೆ ನನ್ನ ಗಂಡನ ತಂದೆ. ನಾನು ಪರಿಗಿ ಕಡೆಯ ಹುಡುಗಿ, ಕೆರೆಯ ಕೆಳಗಿನ ಗದ್ದೆ ನೋಡಿ ಬೆಳೆದವಳು. ಮದುವೆಯಾಗಿ ಕುಂದುರ್ಪಿ ಹತ್ತಿರದ ಈ ಮನೆಗೆ ಬಂದಾಗ ಕಣ್ಣು ಹಾಯಿಸಿದಷ್ಟೂ ಕಡ್ಲೆಕಾಯಿ ಹೊಲ, ಅದರಾಚೆ ಬೋಳು ಗುಡ್ಡ. ಆ ಹೊಲಗಳಿಗೆ ಜಿಂಕೆಗಳ ಹಿಂಡು ಬೀಳುತ್ತಿತ್ತು. ಬೇಟೆಯಾಡಬಾರದು ಎಂಬ ಈಗಿನ ಕಾನೂನು ಆಗಿರಲಿಲ್ಲ. ಬೆಳೆ ಕಾಯಲೆಂದು ಮಾವನಿಗೆ ಒಂದು ಬಂದೂಕಿನ ಲೈಸೆನ್ಸ್ ಇತ್ತು. ನಳಿಗೆಯ ಬಾಯಿಂದ ಮದ್ದು ತುಂಬಿ, ಗಿಡಿದು, ಒಂದೇ ಒಂದು ಗುಂಡು ಹಾರಿಸುವ ಹಳೇ ಬಂದೂಕು.

ಅವರು ಬೇಟೆಗೆ ಹೋಗುತ್ತಿದ್ದುದು ಎತ್ತಿನ ಜೊತೆ. ನೊಗಕ್ಕೆ ಕಟ್ಟದೆ ಅದಕ್ಕೆಂದೇ ಪಳಗಿಸಿದ ಬಿಳಿ ಎತ್ತು. ಅದು ಮೇಯುತ್ತಾ ಮೇಯುತ್ತಾ ಹಿಂಡಿನ ಕಡೆ ಹೋಗಬೇಕು, ಮಾವ ಅದರ ಪಕ್ಕೆಗೆ ಅಂಟಿಕೊಂಡು ಬಗ್ಗಿ ನಡೆಯಬೇಕು. ಎತ್ತು ನಿಂತರೆ ಇವರೂ ನಿಲ್ಲಬೇಕು. ಹೊತ್ತು ಹುಟ್ಟುವಾಗ ಹೊರಟವರು ಹಿಂಡಿನ ಹತ್ತಿರ ಸೇರುವಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತಿತ್ತು. ಜಿಂಕೆ ಕಣ್ಣು ಮಿಟುಕಿಸುವುದು ಕಾಣದೆ ಅವರು ಬಂದೂಕು ಎತ್ತುತ್ತಿರಲಿಲ್ಲ. ಎಷ್ಟೋ ದಿನ ಎತ್ತು ಹೊಟ್ಟೆ ತುಂಬ ಮೇದು ಬರುತ್ತಿತ್ತು, ಇವರು ಬರಿಗೈಲಿ ಬರುತ್ತಿದ್ದರು. ಲಾಭವೆಲ್ಲ ಎತ್ತಿಗೇ ಎಂದು ನಾವು ಹೆಂಗಸರು ಒಳಗೊಳಗೇ ನಗುತ್ತಿದ್ದೆವು.

ಅಷ್ಟು ಹತ್ತಿರ ಹೋಗುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಮನೆಯಲ್ಲಿ ತಲೆಮಾರಿನಿಂದ ಒಂದು ಕಟ್ಟಳೆ. ಏಟು ತಿಂದ ಪ್ರಾಣಿ ಓಡಿಹೋದರೆ, ಅದು ಸಿಗುವವರೆಗೂ ಹೊಡೆದವನು ಅನ್ನ ಮುಟ್ಟುವಂತಿಲ್ಲ. ಹುಡುಕಬೇಕು, ಜೀವ ಇದ್ದರೆ ಮುಗಿಸಬೇಕು, ಆಮೇಲೆ ಊಟ. ನಾನು ಬಂದ ಹೊಸದರಲ್ಲಿ ಒಮ್ಮೆ ಹಾಗಾಯಿತು. ಗಂಡಸರು ಉಣ್ಣದೆ ಹೆಂಗಸರು ಉಣ್ಣುವಂತಿರಲಿಲ್ಲವಲ್ಲ, ಮಾವ ಹುಡುಕಿ ಬರುವವರೆಗೆ ನನ್ನ ಹೊಟ್ಟೆಯೂ ಚುರುಗುಟ್ಟುತ್ತಿತ್ತು. ಮಾಡಿದವರು ಒಬ್ಬರು, ಉಪವಾಸ ಎಲ್ಲರಿಗೂ ಎಂದು ಆ ಕಟ್ಟಳೆಯನ್ನು ಮನಸಾರೆ ಶಪಿಸಿದ್ದೆ.

ಮಾವನಿಗೆ ಒಬ್ಬಳೇ ಮಗಳು, ನನ್ನ ನಾದಿನಿ. ಅವಳನ್ನು ಹಿಂದೂಪುರಕ್ಕೆ ಕೊಟ್ಟಿತ್ತು. ಅಳಿಯ ರಸ್ತೆ ಕೆಲಸದ ಕಂತ್ರಾಟುದಾರ. ಕೆಟ್ಟವನೇನಲ್ಲ. ನಗುನಗುತ್ತಾ ಮಾತಾಡುವವನು, ಕೈ ಬಿಚ್ಚಿ ಖರ್ಚು ಮಾಡುವವನು. ಅರವತ್ತನೇ ಇಸವಿಯ ಆಚೀಚೆ ಒಂದು ಸಲ, ಕಡ್ಲೆಕಾಯಿ ಕಿತ್ತು ಮುಗಿದಿದ್ದ ಸಮಯ, ತುಂಬು ಬಸುರಿ ನಾದಿನಿಯನ್ನು ಹೆರಿಗೆಗೆ ಬಿಟ್ಟುಹೋಗಲು ತನ್ನ ಜೀಪಿನಲ್ಲಿ ಕರೆದುಕೊಂಡು ಬಂದ. ಜೊತೆಗೆ ಒಂದು ಹೊಸ ರೈಫಲ್ಲು, ಅದರ ನೆತ್ತಿಯ ಮೇಲೆ ದುರ್ಬೀನು. ಜಗಲಿಯ ಮೇಲೆ ಅದನ್ನು ಊರವರಿಗೆಲ್ಲ ತೋರಿಸಿದ. ನಾನೂ ಇಣುಕಿದೆ. ಗುಡ್ಡದ ಮೇಲಿನ ಕುರಿ ಅಂಗಳಕ್ಕೆ ಬಂದು ನಿಂತಂತಿತ್ತು.

ಮಾವ ಮಾತ್ರ ಇಣುಕಲಿಲ್ಲ. "ಅಷ್ಟು ದೂರದಿಂದ ಹೊಡುದ್ರೆ ಎಲ್ಲಿಗೆ ತಾಕ್ತು ಅಂತ ಹೆಂಗಪ್ಪ ಗೊತ್ತಾಗ್ತೈತೆ?" ಎಂದರು.

"ನೀವು ಎತ್ತಿನ ಹಿಂದೆ ಅವಿತ್ಕೊಂಡು ಹೋಯ್ತೀರಲ್ಲ, ಅದು ಮೋಸ ಅಲ್ವಾ ಮಾಮಾ?" ಅಳಿಯ ನಕ್ಕ. "ನಾನು ಹತ್ತಿರ ಹೋಗಿ ನಂಬಿಸಲ್ಲ. ಸಾಯೋದಕ್ಕೆ ಹತ್ತಿರ ಏನು, ದೂರ ಏನು?"

ಅವನ ಮಾತಲ್ಲೂ ನ್ಯಾಯ ಇತ್ತು ಅನ್ನಿಸಿತು ನನಗೆ. ಮಾವ ಎತ್ತಿನ ಹೆಗಲು ತಿಕ್ಕುತ್ತಾ ಕೂತರು.

ಮಾರನೆಯ ಬೆಳಿಗ್ಗೆ ಅಳಿಯ, ಮಾವ, ನನ್ನ ಗಂಡ ಮೂವರೂ ಜೀಪಿನಲ್ಲಿ ಹೋದರು. ಹೊಲದಲ್ಲಿ ನಡೆದದ್ದನ್ನು ನನಗೆ ಹೇಳಿದ್ದು ನನ್ನ ಗಂಡ. ಹಿಂಡು ದೂರದಲ್ಲಿ ಹೆಸರುಕಾಳಿನಷ್ಟು ಕಾಣುತ್ತಿತ್ತಂತೆ. ಅಳಿಯ ಜೀಪಿನಲ್ಲೇ ನಿಂತು ಹೊಡೆದ. ಒಂದು ಕರಿ ಗಂಡು ಜಿಂಕೆ ಬಿತ್ತು. ಇವರು ಭಲೇ ಎನ್ನುವಷ್ಟರಲ್ಲಿ ಎದ್ದು, ಹಿಂಗಾಲು ಎಳೆದುಕೊಂಡು ಗುಡ್ಡದ ಕಡೆ ಓಡಿತು. ಮಾವ ಇಳಿದು ನಿಂತು, "ಇಳಿಯಪ್ಪ, ಹೋಗಾನ" ಎಂದರು.

"ಪೋನೀಲೇ ಮಾಮಾ, ಹೋಗ್ಲಿ ಬಿಡಿ, ಎಲ್ಲೋ ಬಿದ್ದು ಸಾಯ್ತೈತೆ. ಅಲ್ಲಿ ನೋಡಿ, ಇನ್ನೂ ಎಷ್ಟೊಂದು ನಿಂತವೆ" ಎಂದು ಅಳಿಯ ಮತ್ತೆ ದುರ್ಬೀನಿಗೆ ಕಣ್ಣಿಟ್ಟ. ಮಾವ ನಳಿಗೆಯ ಮೇಲೆ ಕೈಯಿಟ್ಟು ಕೆಳಗೆ ಒತ್ತಿದರಂತೆ. ಅಲ್ಲಿಗೆ ಬೇಟೆ ಮುಗಿಯಿತು. ಅಳಿಯ ಜೀಪನ್ನು ಮನೆಯ ಕಡೆ ತಿರುಗಿಸಿದ.

ಅಳಿಯ ಬಂದಿದ್ದಾನೆಂದು ನಾನು ಒಬ್ಬಟ್ಟು ಮಾಡಿದ್ದೆ. ಅವನು ಕೈಕಾಲು ತೊಳೆದು ಎಲೆಯ ಮುಂದೆ ಕೂತ. ನಾನು ಬಡಿಸಲು ಬಗ್ಗಿದೆ. ಮಾವ ಬಾಗಿಲಲ್ಲೇ ನಿಂತು, "ಬಡಿಸ್ಬೇಡ ಕಣಮ್ಮ. ಜಿಂಕೆ ಇನ್ನೂ ಸಿಕ್ಕಿಲ್ಲ" ಎಂದರು.

ಆ ಗಳಿಗೆ ನೆನೆದರೆ ಈಗಲೂ ಸುಸ್ತಾಗುತ್ತದೆ. ಎಲೆಯ ಮುಂದಿನಿಂದ ಅಳಿಯನನ್ನು ಎಬ್ಬಿಸುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ, ಕುಲಕ್ಕೇ ಅವಮಾನ. ಅವನ ಮುಖ ಕೆಂಪಾಯಿತು. ಎದ್ದ. ಹೆಂಡತಿಯ ಕಡೆ ತಿರುಗಿ, "ನಡಿ, ಹೆರಿಗೆ ಹಿಂದೂಪುರದಲ್ಲೇ ಆಗ್ಲಿ" ಎಂದ. ಗಂಡ-ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮಲ್ಲಿ ಮಾವ-ಅಳಿಯರ ಜಗಳದಲ್ಲಿ ಬಡವಾದದ್ದು ಆ ಬಸುರಿ. ಅಪ್ಪನ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಬಿಚ್ಚದೇ ಇದ್ದ ಟ್ರಂಕು ಹಾಗೇ ಜೀಪು ಹತ್ತಿತು.

ಜೀಪಿನ ಧೂಳು ಅಡಗಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಜಿಂಕೆ ದೊಡ್ಡದಾ ಮಾವ, ಮಗಳು ದೊಡ್ಡೋಳಾ?" ಎಂದು ಕೇಳಿಯೇಬಿಟ್ಟೆ. ಮಾವನಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಅವರು ಬಂದೂಕು ತೆಗೆದುಕೊಳ್ಳುತ್ತಾ ಹೇಳಿದರು: "ಗುರಿ ತಪ್ಪಿದ್ದಕ್ಕೆ ಸಿಟ್ಟಿಲ್ಲ ಕಣಮ್ಮ, ನಂದೂ ಒಂದೊಂದ್ ಸಲ ತಪ್ಪೈತೆ. ಹೋಗಿ ನೋಡ್ಲಿಲ್ವಲ್ಲಾ... ಅಷ್ಟು ದೂರದಿಂದ ಹೊಡುದ್ರೆ ನೋವು ಕಣ್ಣಿಗೆ ಬೀಳಾಕಿಲ್ಲ. ಕಣ್ಣಿಗೆ ಬೀಳ್ದೇ ಇದ್ರೆ ಮಾಡೇ ಇಲ್ಲ ಅನ್ಸ್ಬುಡ್ತೈತೆ. ಅಂಥೋನ್ ಕೈಗೆ ಮಗಳ್ನ ಕೊಟ್ಟೀನಿ."

ಹೊಡೆದವನು ಹೋಗದಿದ್ದರೆ ಹೊಡೆದವನ ಮನೆಯವರು ಹೋಗಬೇಕು ಎಂದು ತಾವೇ ಹೊರಟರು, ನನ್ನ ಗಂಡನೂ ಹಿಂದೆ ಹೋದ. ಮಾರನೆಯ ದಿನ ಗುಡ್ಡದ ಕೆಳಗಿನ ಬಂದಾರೆ ಪೊದೆಯಲ್ಲಿ ಸಿಕ್ಕಿತಂತೆ, ಇನ್ನೂ ಉಸಿರಾಡುತ್ತಿತ್ತಂತೆ. ಮಾವ ಹತ್ತಿರ ಹೋಗಿ ಮುಗಿಸಿದರು. ಮಾಂಸ ಮನೆಗೆ ತರಲಿಲ್ಲ, ಅಲ್ಲೇ ಕುರಿ ಕಾಯುವವರಿಗೆ ಕೊಟ್ಟುಬಂದರು.

ಮನೆಗೆ ಬಂದು ಎರಡು ತುತ್ತು ಉಂಡು, ಪಂಚೆ ಬದಲಾಯಿಸಿ, ಕಲ್ಯಾಣದುರ್ಗಕ್ಕೆ ಹೊರಟರು. ಅಲ್ಲಿಂದ ಬಸ್ಸು ಹಿಡಿದು ಹಿಂದೂಪುರಕ್ಕೆ. "ಜಿಂಕೆ ಸಿಗ್ತು, ಇನ್ನು ನಮ್ಮನೇಲಿ ಉಣ್ಣಾಕೆ ಬಾರಪ್ಪ ಅಂತ ನಾನೇ ಹೇಳ್ಬುಟ್ಟು ಬತ್ತೀನಿ" ಎಂದರು. ಅವರ ಮಟ್ಟಿಗೆ ಲೆಕ್ಕ ಅಲ್ಲಿಗೆ ಮುಗಿದಿತ್ತು. ಹೆಣ್ಣು ತಂದುಕೊಂಡ ಮನೆಯವರ ಸಿಟ್ಟು ಅಷ್ಟು ಸುಲಭಕ್ಕೆ ಮುಗಿಯುತ್ತದೆಯೇ? ಪಾಪ, ಅವರಿಗೆ ಜಿಂಕೆಯ ಸ್ವಭಾವ ಗೊತ್ತಿದ್ದಷ್ಟು ಬೀಗರ ಸ್ವಭಾವ ಗೊತ್ತಿರಲಿಲ್ಲ.

ತಿರುಗಿ ಬಂದ ಮಾವ ಜಗಲಿಯ ಮೇಲೆ ಕೂತರು. ಅಳಿಯನ ಮನೆಯವರು ಕದ ತೆಗೆಯಲಿಲ್ಲವಂತೆ. ಬೀದಿಯ ಆಚೆ ಬದಿಯಲ್ಲಿ ಬೇವಿನ ಮರದ ಕೆಳಗೆ ನಿಂತೇ ಇದ್ದರಂತೆ. "ಮಗಳು ಮಾಳಿಗೆ ಮ್ಯಾಲೆ ಬಂದು ನಿಂತ್ಕಂಡಿದ್ಲು. ಮಖ ಸರಿಯಾಗಿ ಕಾಣ್ಲಿಲ್ಲ ಕಣಮ್ಮ... ಬಾಳ ದೂರ." ಅಷ್ಟೇ ಹೇಳಿದ್ದು. ಆಮೇಲೆ ಮೊಮ್ಮಗ ಹುಟ್ಟಿದ ಸುದ್ದಿ ಯಾರದೋ ಬಾಯಿಂದ ಬಂತು. ಮಾವ ಬಂದೂಕಿಗೆ ಎಣ್ಣೆ ಹಾಕುವುದನ್ನು ಬಿಟ್ಟರು. ಎತ್ತಿನ ಹೆಗಲು ಮಾತ್ರ ತಿಕ್ಕುತ್ತಿದ್ದರು.

ಹಲವು ವರ್ಷ ಹಾಗೇ ಹೋದವು. ಮಾವ ಹೋದ ದಿನ ಜೀಪು ಬಂತು. ನಾದಿನಿ ಓಡಿಬಂದು ಅಪ್ಪನ ಮುಖದ ಹತ್ತಿರಕ್ಕೆ ಮುಖ ತಂದು ಅತ್ತಳು. ಅಳಿಯ ಒಳಗೆ ಬರಲಿಲ್ಲ, ಕೈಕಟ್ಟಿಕೊಂಡು ಅಂಗಳದಲ್ಲೇ ನಿಂತಿದ್ದ. ಕೂದಲು ನೆರೆತಿತ್ತು. ಮಣ್ಣು ಮಾಡಿ ಬಂದ ಮೇಲೆ, ಎಲೆ ಹಾಕುತ್ತಿದ್ದ ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ ಕೇಳಿದ:

"ಅಕ್ಕಾ... ಆ ಜಿಂಕೆ ಆಮೇಲೆ ಸಿಗ್ತಾ?"

ಅಷ್ಟು ವರ್ಷವೂ ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದೆ ಆ ಜಿಂಕೆಯನ್ನು ಮನಸ್ಸಿನಲ್ಲಿ ಹೊತ್ತುಕೊಂಡೇ ತಿರುಗಿದ್ದ.

"ಮಾರನೇ ದಿನಾನೇ ಸಿಗ್ತಪ್ಪ" ಎಂದೆ. "ಅದನ್ನ ಹೇಳಾಕೇ ನಿಮ್ಮನೆ ಬಾಗಿಲಿಗೆ ಬಂದಿದ್ರು."

ಅವನು ಕಂಬದ ಪಕ್ಕ ಕೂತ. ನಾನು ಅವನ ಮುಂದೆ ಎಲೆ ಹಾಕಿದೆ, ಅನ್ನ ಬಡಿಸಿದೆ. ತಲೆ ಎತ್ತದೆ ಉಂಡ.

ಈಗ ಅವನೂ ಇಲ್ಲ, ನಾದಿನಿಯೂ ಇಲ್ಲ. ಅಂದು ನಾನು ಕೇಳಿದ ಪ್ರಶ್ನೆ ತಪ್ಪು ಎಂದು ಇವತ್ತಿಗೂ ಅನ್ನಿಸಿಲ್ಲ. ಮಾವ ಮಾಡಿದ್ದೂ ತಪ್ಪು ಎನ್ನಲು ಬಾಯಿ ಬರುವುದಿಲ್ಲ. ಯೋಚಿಸಿ ಯೋಚಿಸಿ ದಣಿದಿದ್ದೇನೆ. ಎಣ್ಣೆಯ ಬಾಟಲಿ ಮುಚ್ಚಿ ಗೂಡಿನಲ್ಲಿಟ್ಟೆ. ಕೈಗೆ ಅಂಟಿದ ವಾಸನೆ ಮಾತ್ರ, ಸೀಗೆಪುಡಿ ಹಾಕಿ ತೊಳೆದರೂ ಹೋಗಲಿಲ್ಲ... ಇರಲಿ ಎಂದು ಬಿಟ್ಟೆ.