ಎಣ್ಣೆ ತಲೆ, ಖಾಲಿ ಟ್ಯಾಂಕು

ಶುಭಾ ಮತ್ತು ಅವಳ ಗಂಡ ರವಿ ಶುಕ್ರವಾರ ಬರುವವರಿದ್ದರು. ಗಾಳಿ ತುಂಬುವ ಹಾಸಿಗೆ ಹುಡುಕಲು ಬುಧವಾರವೇ ನಾನು ಕೆಲ್ಲರಿಗೆ ಇಳಿದೆ. ಪರದೇಶದಲ್ಲಿ ನಾವು ನೆಲೆಸಿರುವ ಊರು ರೆನ್ನಿಂಗೆನ್ನಿನ ನಮ್ಮ ಕಟ್ಟಡದ ಕೆಲ್ಲರ್ ಎಂದರೆ ನೆಲಮಾಳಿಗೆಯಲ್ಲಿ ಮನೆಗೊಂದರಂತೆ ಇರುವ ಮರದ ಪಂಜರ. ಬೇಡವಾದರೂ ಬಿಸಾಡಲಾಗದ ಸಾಮಾನುಗಳನ್ನೆಲ್ಲ ಅದರೊಳಗೆ ತುರುಕಿ ಬೀಗ ಹಾಕುತ್ತೇವೆ. ಮೂಲೆಯಲ್ಲಿದ್ದ ನೀಲಿ ಚೀಲದ ಜಿಪ್ಪು ಎಳೆದೆ. ಹಾಸಿಗೆ ಸಿಗಲಿಲ್ಲ. ಡೀಸೆಲ್ಲು, ಉಪ್ಪು, ಒದ್ದೆ ಹಗ್ಗ, ಎಲ್ಲದರ ಮೇಲೆ ಸೀಗೆಕಾಯಿ, ಹೀಗೊಂದು ವಾಸನೆ ಮುಖಕ್ಕೆ ರಪ್ಪನೆ ಬಡಿಯಿತು. ಈ ನಾಲ್ಕೂ ಒಂದೇ ಚೀಲದಲ್ಲಿರುವ ಮನೆ ಈ ದೇಶದಲ್ಲಿ ನಮ್ಮದೊಂದೇ ಇರಬೇಕು. ಹಾಸಿಗೆಯ ವಿಚಾರ ಬಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ನೀವೂ ಪಕ್ಕದಲ್ಲಿ ಕೂತುಕೊಳ್ಳಿ, ಹೇಳುತ್ತೇನೆ.

ಏಳು ವರ್ಷದ ಹಿಂದೆ ನಾನು ಮತ್ತು ನನ್ನ ಗಂಡ ದಿನೇಶ್ ಮೂರು ತಿಂಗಳು ಹಾಯಿದೋಣಿಯಲ್ಲಿ ವಾಸವಿದ್ದೆವು. ಸಾಹುಕಾರರ ಮಾತು ಎಂದುಕೊಳ್ಳಬೇಡಿ, ದೋಣಿ ನಮ್ಮದಲ್ಲ. ಆಫೀಸಿನ ಹಿರಿಯ ಸಹೋದ್ಯೋಗಿ ಯೂರ್ಗೆನ್ ಅವರದು. ಬೋಡೆನ್‌ಜೇ ಸರೋವರದಲ್ಲಿ ನಮಗೆ ಹಾಯಿ ಎತ್ತುವುದು, ಇಳಿಸುವುದು, ವಾಂತಿಯಾದರೆ ಯಾವ ಕಡೆಗೆ ಬಗ್ಗಬೇಕೆನ್ನುವುದು, ಎಲ್ಲ ಕಲಿಸಿದವರು ಅವರೇ. ಕೆರಿಬಿಯನ್ ಸಮುದ್ರದ ಗ್ರೆನಡೀನ್ಸ್ ದ್ವೀಪಗಳಲ್ಲಿ ಅವರದೊಂದು ಹಳೆಯ ದೋಣಿಯಿತ್ತು. ಅವರ ಮೊಣಕಾಲಿನ ಆಪರೇಷನ್ ಆದ ವರ್ಷ, "ದೋಣಿ ಸುಮ್ಮನೆ ನಿಂತರೆ ಹಾಳಾಗುತ್ತದೆ, ನೀವು ಹೋಗಿ ಓಡಿಸಿ" ಎಂದರು. ದಿನೇಶ್ ಉಡುಪಿ ಕಡೆಯವನು, ಸಮುದ್ರ ಎಂದರೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಡುವವನು. ನಾನು ಕೆ.ಆರ್. ನಗರದವಳು. ಅಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ನಮ್ಮ ಬೀದಿಗೆ ಒಂದೇ ನಲ್ಲಿ, ಅದರ ಮುಂದೆ ಕೊಡಗಳ ಸಾಲು. ಆ ಸಾಲಿನಲ್ಲಿ ನಿಂತುಕೊಂಡೇ ಪಿಯುಸಿ ಗಣಿತದ ಅರ್ಧ ಪುಸ್ತಕ ಮುಗಿಸಿದವಳು ನಾನು. ನಮ್ಮ ವಂಶದಲ್ಲಿ ಡಿಗ್ರಿ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಗೋಡೆಗೆ ನೇತುಹಾಕಿದ್ದು ನನ್ನದೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಸಂದರ್ಭ ಸಿಕ್ಕಿದಾಗಲೆಲ್ಲ ಹೇಳುತ್ತೇನೆ. ಸಿಗದಿದ್ದಾಗಲೂ ಹೇಳುತ್ತೀಯ ಎನ್ನುತ್ತಾನೆ ದಿನೇಶ್.

ಯೂರ್ಗೆನ್ ಬೀಗದ ಕೈಯ ಜೊತೆ ನಾಲ್ಕು ಪುಟದ ಸೂಚನೆ ಕೊಟ್ಟಿದ್ದರು. ಒಂದು ಸಾಲಿಗೆ ಮಾತ್ರ ಕೆಂಪು ಗೆರೆ. ಅತಿಥಿಗಳು ದೋಣಿ ಹತ್ತಿದ ಮೊದಲ ಗಂಟೆಯಲ್ಲೇ ನೀರಿನ ವಿಷಯ ಹೇಳಿಬಿಡಿ, ಆಮೇಲೆ ಹೇಳಲು ಆಗುವುದಿಲ್ಲ. ಟ್ಯಾಂಕಿನಲ್ಲಿ ಹಿಡಿಯುವುದು ಮುನ್ನೂರು ಲೀಟರ್. ಸ್ನಾನ ಸಮುದ್ರದಲ್ಲಿ, ಕೊನೆಗೆ ಮೈಮೇಲೆ ಎರಡು ಚೊಂಬು ಸಿಹಿನೀರು. ಪಾತ್ರೆ ತೊಳೆಯುವುದು ಉಪ್ಪುನೀರಲ್ಲಿ. ಬರುವವರು ಯಾರೇ ಆದರೂ ಈ ನಿಯಮ.

ಆದರೆ ಬರುತ್ತಿದ್ದವಳು ಶುಭಾ.

ಶುಭಾ ನನ್ನ ಎಂಜಿನಿಯರಿಂಗ್ ಹಾಸ್ಟೆಲಿನ ರೂಮ್‌ಮೇಟ್. ಅವಳ ಮನೆ ಮೈಸೂರಿನಲ್ಲೇ ಇತ್ತು, ಕಾಲೇಜು ಊರಾಚೆ ದೂರವೆಂದು ಹಾಸ್ಟೆಲ್ ಸೇರಿದ್ದಳು. ಶನಿವಾರ ಬಂತೆಂದರೆ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದಳು. ಮೊದಲ ಸಲ ಹೋದಾಗ ಆ ಬಚ್ಚಲುಮನೆಯ ಬಿಸಿನೀರಿನ ನಲ್ಲಿ ತಿರುಗಿಸಿ ಬೆರಳು ಸುಟ್ಟುಕೊಂಡಿದ್ದೆ. ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸಿ ಬಂದರೆ ಅವಳ ಅಮ್ಮ, "ಇದೇನೇ ಪುಟ್ಟಿ, ಕಾಗೆ ಸ್ನಾನ? ಹೋಗು, ಇನ್ನೊಂದ್ಸಲ ಹುಯ್ಕೊಂಡು ಬಾ" ಎಂದು ವಾಪಸ್ಸು ಕಳಿಸಿದ್ದರು. ಒಂದು ಯುಗಾದಿಗೆ ತಾವೇ ನನ್ನ ತಲೆಗೆ ಹರಳೆಣ್ಣೆ ತಟ್ಟಿ, ಚೊಂಬಿನ ಮೇಲೆ ಚೊಂಬು ನೀರು ಹಾಕಿದ್ದರು. ನೀರನ್ನು ಲೆಕ್ಕವಿಲ್ಲದೆ ಮೈಮೇಲೆ ಸುರಿದುಕೊಳ್ಳಬಹುದೆಂದು ನನಗೆ ಗೊತ್ತಾದದ್ದೇ ಆ ಮನೆಯಲ್ಲಿ. ಅಂಥ ಮನೆಯ ಮಗಳು ಮೊದಲ ಸಲ ನನ್ನ ಆತಿಥ್ಯಕ್ಕೆ ಬಂದಾಗ, "ಎರಡು ಚೊಂಬು ಮಾತ್ರ ಕಣೇ" ಎಂದು ಯಾವ ಬಾಯಲ್ಲಿ ಹೇಳಲಿ?

ಹೇಳಲಿಲ್ಲ. ಮೊದಲ ಗಂಟೆ ಕಳೆಯಿತು, ಮೊದಲ ದಿನವೂ ಕಳೆಯಿತು.

ಶುಭಾ ಬಂದದ್ದೇ ಗಂಡ ರವಿಯ ಜೊತೆ, ಎರಡು ಗಟ್ಟಿ ಸೂಟ್‌ಕೇಸಿನೊಂದಿಗೆ. ದೋಣಿಯಲ್ಲಿ ಸೂಟ್‌ಕೇಸಿಗೆ ಜಾಗವಿಲ್ಲ, ಮಡಚುವ ಚೀಲವೇ ಬೇಕು. ಅದನ್ನೂ ನಾನು ಹೇಳಿರಲಿಲ್ಲ. ಒಂದರಲ್ಲಿ ಪೂರ್ತಿ ತಿಂಡಿ, ಸಾರಿನ ಪುಡಿ, ಹಪ್ಪಳ. ಎರಡು ಸೂಟ್‌ಕೇಸೂ ನಮ್ಮ ಹಾಸಿಗೆಯನ್ನು ಆಕ್ರಮಿಸಿದವು. ನಾವಿಬ್ಬರೂ ಹೊರಗೆ ಬೆಂಚಿನ ಮೇಲೆ ಮಲಗಿದೆವು. "ನಕ್ಷತ್ರ ನೋಡ್ತಾ ಮಲಗೋದೇ ಚಂದ" ಎಂದು ಅವಳಿಗೆ ಹೇಳಿದೆ. "ಸೊಳ್ಳೆ ಎಣಿಸ್ತಾ" ಎಂದು ದಿನೇಶ್ ನನಗೆ ಮಾತ್ರ ಕೇಳುವಂತೆ ಗೊಣಗಿದ.

ಆ ದೋಣಿಯಲ್ಲಿ ನಲ್ಲಿ ತಿರುಗಿಸಿದರೆ ಪಂಪು ಗರ್ ಎನ್ನುತ್ತದೆ. ಬೆಳಿಗ್ಗೆ ಶುಭಾ ಸ್ನಾನಕ್ಕೆ ನಿಂತರೆ ನಾನು ಚಪಾತಿ ಲಟ್ಟಿಸುತ್ತಾ ಆ ಗರ್ ಸದ್ದನ್ನೇ ಎಣಿಸುತ್ತಿದ್ದೆ. ಅಕ್ಕಿ ಮೂರು ಸಲ ತೊಳೆದಳು, ಗರ್. ರವಿ ನಲ್ಲಿ ಬಿಟ್ಟುಕೊಂಡೇ ಗಡ್ಡ ಹೆರೆದ, ಗರ್ರ್. ನಾನೂ ದಿನೇಶನೂ ಸಿಹಿನೀರು ಮುಟ್ಟುವುದನ್ನೇ ಬಿಟ್ಟೆವು. ಸಮುದ್ರದಲ್ಲಿ ಮುಳುಗಿ ಹಾಗೇ ಒಣಗುತ್ತಿದ್ದೆವು. ಮೈಯೆಲ್ಲ ಉಪ್ಪು ಕಚ್ಚಿ ನವೆ. ಐದನೆಯ ದಿನ ಟ್ಯಾಂಕಿಗೆ ಕೋಲು ಇಳಿಸಿ ನೋಡಿ ದಿನೇಶ್ ಪಿಸುಗುಟ್ಟಿದ, "ಈಗಾದ್ರೂ ಹೇಳು ಮಾರಾಯ್ತಿ. ಅವರೇನು ತಿಂದು ಬಿಡ್ತಾರಾ ನಿನ್ನ?"

"ನೀನು ಸುಮ್ನಿರು. ಹತ್ತು ದಿನಕ್ಕೆ ಬಂದಿದಾಳೆ. ಅವಳ ಮುಂದೆ ನಾನು ಇನ್ನೂ ಅರ್ಧ ಬಕೆಟ್ಟಿನವಳೇ ಆಗಬೇಕಾ?"

ಒಂದು ದಿನ ಮೊದಲೇ ಊರಿರುವ ದ್ವೀಪಕ್ಕೆ ತಿರುಗಿ ನೀರು ತುಂಬಿಸಿಕೊಳ್ಳೋಣವೆಂದು ನಾವಿಬ್ಬರೇ ಒಳಗೊಳಗೆ ತೀರ್ಮಾನಿಸಿದೆವು. ಆದರೆ ಶುಭಾಳಿಗೆ ಆಮೆಗಳಿರುವ ಜಾಗ ಬಹಳ ಹಿಡಿಸಿತು. ಜನವಸತಿಯಿಲ್ಲದ ಪುಟ್ಟ ದ್ವೀಪಗಳು, ಲಂಗರಿನ ಸುತ್ತ ತಲೆಯೆತ್ತಿ ಉಸಿರು ಬಿಡುವ ಕಡಲಾಮೆಗಳು. "ಇನ್ನೊಂದು ದಿನ ಇರೋಣ ಕಣೇ. ನಾಳೆ ಯುಗಾದಿ ಬೇರೆ" ಎಂದಳು. ಇರೋಣ ಎಂದೆ.

ಮರುದಿನ ಬೆಳಿಗ್ಗೆ ಎದ್ದರೆ ಅವಳು ಹರಳೆಣ್ಣೆ ಬಾಟಲಿ ಹಿಡಿದು ಸಿದ್ಧಳಾಗಿದ್ದಾಳೆ. "ಅಮ್ಮ ಕಳಿಸಿದಾರೆ, ನಿನಗೇ ಅಂತ. ಸೀಗೆಕಾಯಿ ಪುಡೀನೂ ಇದೆ. ಬನ್ನಿ ಎಲ್ಲಾ, ಸಾಲಾಗಿ ಕೂತ್ಕೊಳಿ." ಗಂಡಸರಿಬ್ಬರನ್ನೂ ದೋಣಿಯ ಹಿಂಭಾಗದಲ್ಲಿ ಕೂರಿಸಿ ನೆತ್ತಿಗೆ ಎಣ್ಣೆ ತಟ್ಟಿದಳು, ತನಗೂ ಹಚ್ಚಿಕೊಂಡಳು. ಆಮೇಲೆ ನನ್ನ ತಲೆ ಹಿಡಿದಳು. ನಾನು ಬೇಡವೆನ್ನಬಹುದಿತ್ತು. ಆದರೆ ಅವಳ ಬೆರಳು ಥೇಟ್ ಅವಳ ಅಮ್ಮನದೇ. ಕಣ್ಣು ಮುಚ್ಚಿಕೊಂಡು ಕೂತೆ. ಅವಳು ಒಳಗೆ ಹೋಗಿ ದೊಡ್ಡ ಪಾತ್ರೆ ತುಂಬ ನೀರು ಕಾಯಿಸಿ ತಂದಳು, ನನ್ನ ನೆತ್ತಿಗೆ ಸೀಗೆಕಾಯಿ ಹಾಕಿ ತಿಕ್ಕಿದಳು, ಎರಡು ಚೊಂಬು ಸುರಿದಳು. "ಸಾಲಲ್ಲ, ತಣ್ಣೀರು ಬೆರೆಸ್ಕೊಂಡು ಬರ್ತೀನಿ" ಎಂದು ಮತ್ತೆ ಒಳಗೆ ಹೋದಳು.

ಪಂಪು ಗರ್ ಎಂದಿತು. ಗರ್ ಎನ್ನುತ್ತಲೇ ಇತ್ತು. ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು.

"ಲೇ, ನೀರು ನಿಂತೋಯ್ತು!"

ಎಣ್ಣೆ ಸುರಿಯುವ ತಲೆಯ ರವಿ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತವನಂತೆ, "ಮೋಟರ್ ಹಾಕಮ್ಮಾ" ಎಂದ.

ದಿನೇಶನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಬಾಯಿ ಬಿಟ್ಟೇಬಿಟ್ಟ. "ಎಲ್ಲಿಂದ ಮೋಟರ್ ಹಾಕೂದು ಮಾರಾಯ್ರೆ? ಟ್ಯಾಂಕೇ ಖಾಲಿ. ಕುಡಿಯೋಕೆ ಆರು ಬಾಟಲಿ ಉಂಟು, ಅಷ್ಟೇ. ನಾವಿಬ್ರೂ ಸಿಹಿನೀರು ಮೈಗೆ ಹಾಕದೆ ಐದು ದಿನ ಆಯ್ತು."

ಶುಭಾ ನಗಲಿಲ್ಲ. ಖಾಲಿ ಚೊಂಬು ಹಿಡಿದು ಬಂದು ನನ್ನೆದುರು ಕೂತಳು. ನನ್ನ ಕಣ್ಣೊಳಗೆ ಸೀಗೆಕಾಯಿ ಇಳಿಯುತ್ತಿತ್ತು, ಅವಳ ಮುಖ ಸರಿಯಾಗಿ ಕಾಣಿಸಲಿಲ್ಲ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣೇ."

"ನಾನು ದಿನಾ ಹಂಗೆ ಸುರ್ಕೊಂಡು ಸ್ನಾನ ಮಾಡ್ತಿದ್ರೆ ಕೂತ್ಕೊಂಡು ನೋಡ್ತಿದ್ದೆ. ಒಳಗೊಳಗೆ ನನ್ನ ಬೈಕೊಂಡೂ ಇರ್ತೀಯ."

ಅದು ನಿಜವಾಗಿತ್ತು. ಪಂಪಿನ ಸದ್ದು ಎಣಿಸುತ್ತಾ ನಾನು ಅವಳನ್ನು ಬೈದುಕೊಂಡಿದ್ದೆ. ಬಾಯಿ ಮಾತ್ರ ಬೇರೆಯೇ ಹೇಳಿತು. "ನಿಮ್ಮನೇಲಿ ಅಮ್ಮ ನನಗೆ ಅಷ್ಟು ನೀರು ಹಾಕಿದ್ರಲ್ಲೇ, ನಿನಗೆ ನಾನು ಹೆಂಗೆ ಬೇಡ ಅನ್ಲಿ?"

"ನೀರೊಂದು ನೆನಪಿದೆ ನಿಂಗೆ. ಮೊದಲನೇ ದಿನ ಅಮ್ಮ ಏನ್ ಮಾಡಿಸಿದ್ರು ನೆನಪಿಲ್ಲ? ಒದ್ದೆ ತಲೇಲೇ ಮೆಣಸಿನಕಾಯಿ ಮೊರ ಕೊಟ್ಟು ತಾರಸಿಗೆ ಅಟ್ಟಿದ್ರು. ಕೈಯೆಲ್ಲ ಉರಿ ಅಂತ ಬೈಕೊಂಡೇ ಹಾಸ್ಟೆಲ್ ತುಂಬ ಹೇಳ್ಕೊಂಡ್ ಬಂದೆ, ಶುಭಾ ಅವರಮ್ಮ ನಂಗೂ ಕೆಲಸ ಹೇಳ್ತಾರೆ ಅಂತ. ಆಮೇಲೆ ತಾನೇ ನೀನು ಬಾಯಿ ಬಿಟ್ಟು ಇನ್ನೊಂದು ಮುದ್ದೆ ಕೇಳಿದ್ದು? ನಾವು ನಿನ್ನ ನೆಂಟಳ ಥರ ಇಟ್ಕೊಂಡಿದ್ರೆ ಎರಡನೇ ಶನಿವಾರ ಬರ್ತಿದ್ಯಾ? ನನ್ನ ಮಾತ್ರ ಯಾಕೆ ನೆಂಟಳು ಮಾಡ್ದೆ?"

ಬಡವರ ಮಗಳೆಂದು ಕೆಲಸ ಹೇಳಿದರೆಂದು ಯಾರಾದರೂ ಅಂದಾರು. ಅಲ್ಲ, ಶುಭಾಳ ಕೈಗೂ ಇನ್ನೊಂದು ಮೊರ ಕೊಟ್ಟಿದ್ದರು. ಆ ಮೊರವನ್ನು ನಾನು ಹೇಗೆ ಮರೆತೆನೋ ಗೊತ್ತಿಲ್ಲ. ಓದಿ, ದುಡಿದು, ಇನ್ನೊಬ್ಬರಿಗೆ ಕೊಡುವ ಮಟ್ಟಕ್ಕೆ ಬಂದೆ ಎನ್ನುವ ಹೆಮ್ಮೆಯಲ್ಲಿ, ನನಗೆ ಕೊಟ್ಟದ್ದರಲ್ಲಿ ಅರ್ಧ ಮಾತ್ರ ಎಣಿಸಿಕೊಂಡಿದ್ದೆ. ಕಣ್ಣೀರು ಬಂತು. ಸೀಗೆಕಾಯಿಯ ನೆಪವಿದ್ದದ್ದು ಒಳ್ಳೆಯದಾಯಿತು.

"ಅಳ್ಬೇಡ, ಅದೂ ನೀರೇ. ಉಳಿಸು" ಎಂದಳು ಶುಭಾ. ಆಮೇಲೆ ಎದ್ದು ಚೊಂಬನ್ನು ಠಣ್ಣನೆ ಕೆಳಗಿಟ್ಟಳು. "ಈಗ ಏನ್ ಮಾಡ್ಬೇಕು ಹೇಳು."

ಆ ದಿನ ಮಾಡಬೇಕಾದದ್ದೇನೂ ಕಡಿಮೆಯಿರಲಿಲ್ಲ. ಊರಿರುವ ದ್ವೀಪಕ್ಕೆ ಎದುರು ಗಾಳಿಯಲ್ಲಿ ಐದು ಗಂಟೆಯ ದಾರಿ. ಹರಳೆಣ್ಣೆ ಸಮುದ್ರದ ನೀರಿಗೆ ಬಗ್ಗುವುದಿಲ್ಲ, ಸೋಪಿಗೆ ಅಲ್ಲಿ ನೊರೆಯೂ ಬರುವುದಿಲ್ಲ. ನಾಲ್ಕು ಎಣ್ಣೆ ತಲೆಗಳೇ ಲಂಗರು ಎತ್ತಿದವು. ಹಗ್ಗ ಹೇಗೆ ಹಿಡಿಯಬೇಕೆಂದು ಶುಭಾಳಿಗೆ ಮೊದಲ ಬಾರಿಗೆ ಕಲಿಸಿದೆ. "ಎಳಿ ಅಂದ್ರೆ ಎಳಿ, ಯೋಚನೆ ಮಾಡ್ಬೇಡ!" ಎಂದು ಗದರಿದೆ. ಅವಳು ಎಳೆದಳು, ಅಂಗೈ ಕೆಂಪಾದರೂ ಬಿಡಲಿಲ್ಲ. ಐದು ದಿನದಲ್ಲಿ ಅವಳ ಮುಖದಲ್ಲಿ ಅಷ್ಟು ಕಳೆ ನಾನು ಕಂಡಿರಲಿಲ್ಲ. ಆ ದ್ವೀಪದಲ್ಲೂ ಮಳೆನೀರೇ ಗತಿ. ಅಂಗಡಿಯ ಹೆಂಗಸು ತನ್ನ ಸಿಮೆಂಟ್ ತೊಟ್ಟಿಯಿಂದ ನಮಗೆ ಕ್ಯಾನುಗಳಲ್ಲಿ ತುಂಬಿಕೊಳ್ಳಲು ಬಿಟ್ಟಳು. ನಮ್ಮ ತಲೆಗಳನ್ನು ನೋಡಿ ಅವಳು ನಕ್ಕ ನಗು ಇಂದಿಗೂ ಕೇಳಿಸುತ್ತದೆ. ರವಿ ಎಂಟು ಸಲ ಕ್ಯಾನು ಹೊತ್ತ. ಉಳಿದ ನಾಲ್ಕು ದಿನ ನೀರಿನ ಯಜಮಾನಿಕೆ ಶುಭಾಳದು. "ರೀ, ಗಡ್ಡಕ್ಕೆ ಒಂದು ಲೋಟ ಅಂದಿದೀನಿ!" ಎಂದು ಅವಳು ಗಂಡನನ್ನು ಅಟ್ಟಿಸಿಕೊಂಡು ಹೋಗುವುದನ್ನು ನೋಡಿ ದಿನೇಶ್, "ಯೂರ್ಗೆನ್ ಇವರೆದುರು ಏನೂ ಅಲ್ಲ" ಎಂದ.

ಅಷ್ಟೆಲ್ಲ ಕಲಿತ ಮೇಲೂ, ಕಳೆದ ವಾರ ಕೆಲ್ಲರಿನ ಮೆಟ್ಟಿಲಿಳಿಯುವಾಗ ನನ್ನ ತಲೆಯಲ್ಲಿ ಏನಿತ್ತು ಗೊತ್ತೇ? ಶುಭಾ ಬರುವಷ್ಟರಲ್ಲಿ ಎಲ್ಲ ಸಿದ್ಧವಿರಬೇಕು, ಅವಳ ಕೈಗೆ ಒಂದು ಕೆಲಸವೂ ತಾಗಬಾರದು. ಚಟ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಅವರು ಬಂದ ಮರುದಿನ ಶನಿವಾರ. ನಮ್ಮ ಬಾಗಿಲಿಗೆ ಕೇರ್‌ವೋಖೆಯ ಫಲಕ ನೇತುಬಿದ್ದಿತ್ತು. ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸುವ ಸರದಿ ಈ ಊರಿನಲ್ಲಿ ವಾರಕ್ಕೊಂದು ಮನೆಗೆ. ತಪ್ಪಿಸಿದರೆ ಕೆಳಗಿನ ಮನೆಯ ಅಜ್ಜಿ ತಿಂಗಳುಗಟ್ಟಲೆ ಮುಖ ಕೊಡುವುದಿಲ್ಲ. ಅವರು ಏಳುವ ಮೊದಲೇ ಮುಗಿಸಿಬಿಡೋಣವೆಂದು ಬೆಳಿಗ್ಗೆ ಆರಕ್ಕೇ ಎದ್ದೆ. ಪೊರಕೆ ಹಿಡಿದು, ಸದ್ದಾಗದಂತೆ ಬಾಗಿಲು ತೆರೆದೆ. ತೆರೆದವಳಿಗೆ ಆ ಮೆಣಸಿನಕಾಯಿ ಮೊರ ನೆನಪಾಯಿತು. ಬಾಗಿಲು ಮುಚ್ಚಿ ಒಳಗೆ ಬಂದು, ಕಾಫಿಗೆ ಇಟ್ಟು, ಕಾದೆ.

ಎಂಟಕ್ಕೆ ಶುಭಾ ಕಣ್ಣುಜ್ಜುತ್ತಾ ಬಂದಳು. ಕಾಫಿ ಕುಡಿಯಲು ಬಿಟ್ಟೆ. ಆಮೇಲೆ ಪೊರಕೆ ಮುಂದಿಟ್ಟೆ.

"ಈ ವಾರ ಮೆಟ್ಟಿಲು ನಮ್ಮದು ಕಣೇ. ನೀನು ಗುಡಿಸು, ನಾನು ಒರೆಸ್ತೀನಿ."

"ನಿನ್ನೆ ತಾನೇ ವಿಮಾನ ಇಳಿದಿದೀನಿ ಲೇ!"

"ಗೊತ್ತು. ಮೇಲಿಂದ ಶುರು ಮಾಡು."

ನನ್ನನ್ನೊಮ್ಮೆ ನೋಡಿದಳು. ದುಪಟ್ಟಾ ಸೊಂಟಕ್ಕೆ ಬಿಗಿದಳು. ಅರ್ಧಕ್ಕೆ ಬಂದು, ಕೆಳಗೆ ನೆಲಮಾಳಿಗೆಗೆ ಇಳಿಯುವ ಕತ್ತಲೆ ಮೆಟ್ಟಿಲುಗಳನ್ನು ಇಣುಕಿ ನೋಡಿ ಕೇಳಿದಳು, "ಇವೂ ನಮ್ದೇನಾ?"

"ಇವೂ ನಮ್ದೇ" ಎಂದೆ.

"ಕರ್ಮ" ಎಂದು ಬೈದುಕೊಂಡು ಇಳಿದಳು. ಒದ್ದೆ ಬಟ್ಟೆ ಹಿಂಡಿಕೊಂಡು ನಾನು ಅವಳ ಹಿಂದೆಯೇ ಇಳಿದೆ.