ಗೆಣ್ಣು ಎಣಿಸಿ ತೂಗಿದ ಹೊಗೆಸೊಪ್ಪಿನ ಬೀಜ

ಹೊಸ ತೂಕ ಬಂದು ಕೆಲವು ವರ್ಷವಾಗಿತ್ತು. ಹುಣಸೂರಿನಲ್ಲಿ ಹೊಗೆಸೊಪ್ಪಿನ ವ್ಯಾಪಾರಕ್ಕೆ ನಿಂತಿದ್ದ ನಾನು ಮಿಲಿಗ್ರಾಮಿನಿಂದ ಟನ್ನಿನವರೆಗಿನ ಹತ್ತು ಹೆಸರುಗಳನ್ನೂ ಬಾಯಿಪಾಠ ಮಾಡಿಕೊಂಡಿದ್ದೆ. ಒಂದು ಹೆಸರಿಗೆ ಬೆರಳಿನ ಒಂದು ಗೆಣ್ಣು, ಒಂದು ಗೆಣ್ಣಿಗೆ ಒಂದು ಸೊನ್ನೆ. ಟೀ ಅಂಗಡಿಯಲ್ಲಿ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿ, "ಒಂದು ಟನ್ ಅಂದ್ರೆ ಸಾವಿರ ಕೋಟಿ ಮಿಲಿಗ್ರಾಂ ಕಣ್ರೀ" ಎಂದರೆ ಕೇಳಿದವರು ಲೋಟ ಕೆಳಗಿಡುತ್ತಿದ್ದರು.

ಹಾರನಹಳ್ಳಿ ಕಡೆಗೆ ಕೊಟ್ಟಿದ್ದ ನನ್ನ ತಂಗಿ ಆ ವರ್ಷ ಮೊದಲ ಸಲ ಹೊಗೆಸೊಪ್ಪು ನೆಡುವವಳಿದ್ದಳು. ಮಳೆ ಹಿಡಿಯುವ ಹೊತ್ತಿಗೆ ಸಸಿ ಸಿದ್ಧವಿರಬೇಕು, ಇಲ್ಲದಿದ್ದರೆ ಹೊಲ ಬೀಳು. ಆ ಬೀಜವೋ, ಉಸಿರು ಬಿಟ್ಟರೆ ಹಾರುವಷ್ಟು ಸಣ್ಣದು. ಪಾತಿಗೆ ಮೂರು ಸಾವಿರ ಮಿಲಿಗ್ರಾಂ ಎಂದು ಬೀಜದ ಪೊಟ್ಟಣದ ಮೇಲೆ ಅಚ್ಚಾಗಿತ್ತು. ಅಕ್ಕಸಾಲಿಗನ ತಕ್ಕಡಿ ತಂದು, ಗೆಣ್ಣಿನ ಮೇಲೆ ಗ್ರಾಮಿನ ಲೆಕ್ಕ ಹಾಕಿ ನಾನೇ ತೂಗಿದೆ.

"ಅಣ್ಣಯ್ಯ, ಇಷ್ಟೇನಾ? ಎಲ್ಲಾರೂ ನಶ್ಯದ ಡಬ್ಬಿ ಮುಚ್ಚಳದ ತುಂಬ ಆಕ್ತಾರಲ್ಲ."

"ಬುಡವ್ವ, ಅದು ಅಂದಾಜು. ಇದು ತೂಕ."

ಬೀಜವನ್ನು ನೀರಿಗೆ ಕದಡಿ ಪಾತಿಗೆ ಚಿಮುಕಿಸಿದಳು. ಮೊಳಕೆ ಬಂದದ್ದು ಅಲ್ಲೊಂದು ಇಲ್ಲೊಂದು. ನಡುವೆಲ್ಲ ಬರೀ ಮಣ್ಣು.

ತಪ್ಪು ಗೆಣ್ಣಿನಲ್ಲಿತ್ತು. ಈ ಸಂತೆಯಿಂದ ಮುಂದಿನ ಸಂತೆಗೆ ಎಂಟು ದಿನ ಎನ್ನುವ ಜನ ನಾವು. ನಡುವೆ ಇರುವುದು ಏಳೇ ಆದರೂ ನಿಂತ ದಿನವೂ ಲೆಕ್ಕಕ್ಕೆ ಸೇರುತ್ತದೆ. ಹಾಗೆಯೇ ಮಿಲಿಗ್ರಾಂ ನಿಂತ ಗೆಣ್ಣಿಗೂ ನಾನೊಂದು ಸೊನ್ನೆ ಹಾಕಿದ್ದೆ. ಗ್ರಾಂ, ಕಿಲೋ ದಿನವೂ ಕೈಗೆ ಸಿಗುವಂಥವು, ಅಲ್ಲಿ ತಪ್ಪುತ್ತಿರಲಿಲ್ಲ. ಅದಕ್ಕಿಂತ ಕೆಳಗಿಳಿದರೆ ಗೆಣ್ಣೇ ಗತಿ. ನನ್ನ ಗೆಣ್ಣಿನ ಪ್ರಕಾರ ಗ್ರಾಮಿಗೆ ಸಾವಿರವಲ್ಲ, ಹತ್ತು ಸಾವಿರ ಮಿಲಿಗ್ರಾಂ. ಮೂರು ಗ್ರಾಂ ಬೀಳಬೇಕಾದ ಕಡೆ ಅದರ ಹತ್ತರಲ್ಲೊಂದು ಪಾಲು ಬಿದ್ದಿತ್ತು. ಟನ್ನಿಗೆ ಇರುವುದೂ ನೂರು ಕೋಟಿಯೇ. ಟೀ ಅಂಗಡಿಯಲ್ಲಿ ತಪ್ಪು ಹಿಡಿಯುವವರಿರಲಿಲ್ಲ, ಪಾತಿ ಹಿಡಿಯಿತು.

ಮಳೆ ಬಿದ್ದಿತು. ತಂಗಿ ಕುಕ್ಕೆ ಹಿಡಿದು ಪಕ್ಕದ ಹೊಲದ ಹಿರಿಯರಲ್ಲಿ ಮಿಕ್ಕ ಸಸಿ ಕೇಳಲು ಹೊರಟಳು. ನಾನೂ ಹಿಂದೆ ಹೋದೆ. ಚೌಕಾಸಿ ಮಾಡುವ ಬಾಯಿ ನನ್ನದು. ಅಲ್ಲಿ ತಂಗಿಯ ಬೆನ್ನ ಹಿಂದೆ ನಿಂತೆ.

"ಯಾಕವ್ವ, ನಿಮ್ಮ ಪಾತಿ ಏನಾಯ್ತು?"

ತಂಗಿ ನನ್ನ ಕಡೆ ತಿರುಗಲಿಲ್ಲ. "ಇರುವೆ ಒತ್ಕಂಡೋದೊ ಕಣಪ್ಪ."

ಹಿರಿಯರು ಸಸಿ ಕೀಳುತ್ತಲೇ ನನ್ನನ್ನು ನೋಡಿದರು. "ನಿಮ್ಮಣ್ಣ ಸಾವಿರ ಕೋಟಿ ಎಣಿಸೋರು. ಇರುವೆ ಎಷ್ಟು ಬಂದೊ ಅಂತ ಎಣಿಸ್ಲಿಲ್ವಾ?"

ತಂಗಿ ನಗಲಿಲ್ಲ. ನಕ್ಕಿದ್ದರೆ ನನಗೆ ಹಗುರವಾಗುತ್ತಿತ್ತು. ಹಿರಿಯರು ಕೊಟ್ಟ ಸಸಿ ಅರ್ಧ ಹೊಲಕ್ಕೆ ಸಾಕಾಯಿತು. ಉಳಿದರ್ಧಕ್ಕೆ ಅವಳು ರಾಗಿ ಚೆಲ್ಲಿದಳು. ಎಷ್ಟು ಬೀಜ ಎಂದು ನನ್ನನ್ನು ಕೇಳಲಿಲ್ಲ.